ಚೆನ್ನವೀರನಿಗೆ ಊಟವಾಯಿತೇ?

ಕೊಪ್ಪ, 30 ಆಗಸ್ಟ್ 1942, ಭಾನುವಾರ

ಇಂದಿನಿಂದ ದಿನಚರಿ ಬರೆಯುತ್ತೇನೆ. ನಾಳೆ ಸ್ವತಂತ್ರ ಭಾರತದ ಚರಿತ್ರೆ ಬರೆಯಲು ಕೂತವರು ಕೊಪ್ಪದ ಸಂಗತಿಗಳಿಗಾಗಿ ಪರದಾಡಬಾರದಲ್ಲ, ಅದಕ್ಕೆ. ಅಲ್ಲಿಯವರೆಗೆ ಇದನ್ನು ಯಾರೂ ಓದಕೂಡದು. ಮಾವನಂತೂ ಓದಲೇಕೂಡದು.

ಚರಿತ್ರೆಕಾರರ ತಿಳುವಳಿಕೆಗೆ: ಹೆಸರು ಸೋಮಶೇಖರ, ವಯಸ್ಸು ಇಪ್ಪತ್ತೆರಡು. ಸೋದರಮಾವ ವೀರಪ್ಪನವರ ಜವಳಿ ಅಂಗಡಿಯಲ್ಲಿ ಗಜಕಡ್ಡಿ ಹಿಡಿಯುವುದು ಹೊಟ್ಟೆಪಾಡಿಗೆ. ನಿಜವಾದ ಕಸುಬು ಕಾದಂಬರಿ. ನಮ್ಮ ಕೈಬರಹದ ಪತ್ರಿಕೆ ‘ಮಲೆಯ ದನಿ’ಯಲ್ಲಿ ನನ್ನ ‘ರಣಧೀರ ಚೆನ್ನವೀರ’ ಧಾರಾವಾಹಿಯಾಗಿ ಬರುತ್ತಿದೆ. ನೂರು ವರ್ಷದ ಹಿಂದೆ ನಗರ ಸೀಮೆಯ ರೈತರು ಕೂಟ ಕಟ್ಟಿ ದಂಗೆ ಎದ್ದರಲ್ಲ, ಆ ಕಾಲದ ಕಥೆ. ಚೆನ್ನವೀರ ನನ್ನ ಕಲ್ಪನೆಯ ತರುಣ. ಕಣ್ಣಲ್ಲಿ ಕೆಂಡ, ಮಾತಲ್ಲಿ ಸಿಡಿಲು, ಒಂದೇ ಏಟಿಗೆ ಮೂವರು ನೆಲಕ್ಕೆ.

ಈಗ ಮುಖ್ಯ ಸಂಗತಿ. ಕಳೆದ ವಾರ ಹರಿಹರಪುರದ ದಾರಿಯಲ್ಲಿ ಸರ್ಕಾರದ ತಂತಿ ಕಡಿದವರು ನಾವು. ಕಂಬ ಹತ್ತಿದವನು ರಘುಪತಿ, ಕೆಳಗೆ ಹಗ್ಗ ಹಿಡಿದವನು ನಾನು. ರಘುಪತಿ ಮೆಣಸೆಯ ಹುಡುಗ, ಹದಿನೆಂಟು ವರ್ಷ, ಇಲ್ಲಿ ನೆಂಟರ ಮನೆಯಲ್ಲಿದ್ದು ಓದುತ್ತಿದ್ದ. ತಂತಿ ತುಂಡಾಗಿ ಝಲ್ ಎಂದಾಗ ನನಗೆ ಕೂಗಿಬಿಡಬೇಕೆನಿಸಿತು. ಆದರೆ ಅವನು ಇಳಿಯುವಾಗ ಜುಬ್ಬದ ಜೇಬಿನಿಂದ ರೇಖಾಗಣಿತದ ಪುಸ್ತಕ ಬಿತ್ತು, ಅವಸರದಲ್ಲಿ ಇಬ್ಬರೂ ನೋಡಲಿಲ್ಲ. ತಂತಿ ಕಡಿಯಲು ಹೋಗುವವನು ರೇಖಾಗಣಿತವನ್ನು ಯಾಕೆ ತಂದನೋ ಶಿವನೇ ಬಲ್ಲ. ಮೊದಲ ಪುಟದಲ್ಲಿ ಅವನ ಹೆಸರು, ಊರು, ತಾಲ್ಲೂಕು, ಎಲ್ಲವೂ ಗುಂಡಗಿನ ಅಕ್ಷರದಲ್ಲಿ ಇತ್ತು.

ಹೀಗಾಗಿ ವಾರಂಟು ಅವನೊಬ್ಬನ ಹೆಸರಿಗೆ ಹೊರಟಿದೆ. ಭಂಡಿಗಡಿಯ ಮೇಲಿನ ಗುಡ್ಡದಲ್ಲಿ, ಏಲಕ್ಕಿ ಕಾಯುವವರು ಬಿಟ್ಟುಹೋದ ಗುಡಿಸಲಲ್ಲಿ ಅವನನ್ನು ಅಡಗಿಸಿಟ್ಟಿದ್ದೇವೆ. ಆ ಊರಿನ ಮಂಜಪ್ಪ ಕಣ್ಣಿಟ್ಟಿರುತ್ತಾನೆ. ನನ್ನ ಹೆಸರಿಗೆ ವಾರಂಟಿಲ್ಲ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯುತ್ತಿದೆ. ನಾನೇನು ಕಡಿಮೆ ಗಟ್ಟಿಯಾಗಿ ಹಿಡಿದಿದ್ದೆನೇ ಹಗ್ಗವನ್ನು?

5 ಸೆಪ್ಟೆಂಬರ್

‘ಮಲೆಯ ದನಿ’ ಸುತ್ತು ಮುಗಿಸಿ ಬಂತು. ಇರುವುದು ಒಂದೇ ಪ್ರತಿ. ಕೊಪ್ಪದಿಂದ ಭಂಡಿಗಡಿ, ಅಲ್ಲಿಂದ ಮೆಣಸೆ, ಬಾಳೆಹೊನ್ನೂರು, ಶೆಟ್ಟಿಕೊಪ್ಪ, ನರಸಿಂಹರಾಜಪುರ, ಮತ್ತೆ ಕೊಪ್ಪ. ಬಸ್ಸಿನ ಕಂಡಕ್ಟರು ಕೈಯಿಂದ ಕೈಗೆ ದಾಟಿಸುತ್ತಾನೆ. ಬಂದ ಮೇಲೆ ಹೊಸ ಅಧ್ಯಾಯವನ್ನು ಅದಕ್ಕೇ ಸೇರಿಸಿ ಹೊಲಿದು ಮತ್ತೆ ಕಳಿಸುತ್ತೇನೆ. ಹಿಂದುಗಡೆ ಓದುಗರ ಅಭಿಪ್ರಾಯಕ್ಕೆಂದು ಖಾಲಿ ಹಾಳೆ ಬಿಡುವುದು ನಮ್ಮ ಪದ್ಧತಿ. ಆ ಹಾಳೆ ಬಿಟ್ಟಿದ್ದೇ ತಪ್ಪಾಯಿತು.

ಚೆನ್ನವೀರ ಮೂರು ದಿನ ಕೋಟೆ ಬಾಗಿಲಲ್ಲಿ ಹೋರಾಡಿದ ಅಧ್ಯಾಯ. ಬರೆಯುವಾಗ ನನಗೇ ಮೈ ಬೆವರಿತ್ತು. ಅದಕ್ಕೆ ಮೆಣಸೆಯ ಯಮುನಮ್ಮ, ಅಂದರೆ ರಘುಪತಿಯ ತಾಯಿ, ಬರೆದಿರುವ ಅಭಿಪ್ರಾಯ ಒಂದೇ ಸಾಲು: ‘ಮೂರು ದಿನವಾಯಿತು. ಚೆನ್ನವೀರನಿಗೆ ಊಟವಾಯಿತೇ?’

ಶೆಟ್ಟಿಕೊಪ್ಪದ ನೀಲಾಂಬಿಕೆ ಎಂಬುವರದು ಇನ್ನೂ ಚೆನ್ನ. ‘ಚೆನ್ನವೀರ ನಮ್ಮ ಕಡೆ ಬಂದರೆ ಅಟ್ಟದಲ್ಲಿ ಜಾಗವಿದೆ. ನಮ್ಮ ಮನೆಯ ಅಡುಗೆ ಅವರಿಗೆ ನಡೆಯದಿದ್ದರೆ ಅಕ್ಕಿ ಬೇಳೆ ಕೊಡುತ್ತೇವೆ, ತಾವೇ ಬೇಯಿಸಿಕೊಳ್ಳಲಿ.’ ಅವರೂ ಲಿಂಗಾಯತರು, ಚೆನ್ನವೀರನೂ ಲಿಂಗಾಯತ. ಎರಡನೇ ಅಧ್ಯಾಯದಲ್ಲೇ ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿಸಿದ್ದೇನೆ. ಓದದೆಯೇ ಅಭಿಪ್ರಾಯ ಬರೆದರೆ ಹೀಗೇ. ಬಾಳೆಹೊನ್ನೂರಿನ ದಾಕ್ಷಾಯಣಮ್ಮನವರು ಕಾಡಿನಲ್ಲಿ ಚಳಿಜ್ವರ ಜಾಸ್ತಿ, ಚೆನ್ನವೀರನಿಗೆ ಕ್ವಿನೈನ್ ಕೊಡಿಸಿರಿ ಎಂದಿದ್ದಾರೆ. ನಗರದ ದಂಗೆಯ ಕಾಲದಲ್ಲಿ ಕ್ವಿನೈನ್!

ಚರಿತ್ರೆ ಎಂದರೇನು ಎಂದು ಇವರಿಗೆ ಹೇಳಿಕೊಡುವವರು ಯಾರು? ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ನನ್ನ ಪಾಡು.

13 ಸೆಪ್ಟೆಂಬರ್, ಭಾನುವಾರ

ಗುಡ್ಡ ಹತ್ತಿ ರಘುಪತಿಗೆ ಐದನೇ ಅಧ್ಯಾಯ ಓದಿ ಹೇಳಿ ಬಂದೆ. ಓದುಗ ಎಂದರೆ ಅವನು. ಉಂಬಳ ಕಾಲಿಗೆ ಹತ್ತಿ ರಕ್ತ ಇಳಿಯುತ್ತಿದ್ದರೂ ಕಿತ್ತು ಬಿಸಾಡಲಿಲ್ಲ, ನನ್ನ ಬಾಯನ್ನೇ ನೋಡುತ್ತ ಕೂತಿದ್ದ. ಹಿಂದಿನ ಅಧ್ಯಾಯದ ಮಾತುಗಳೆಲ್ಲ ಅವನಿಗೆ ಬಾಯಿಪಾಠ. ‘ಪ್ರಾಣವೆಂಬುದು ಎಣ್ಣೆ, ಉರಿದರೇ ಅದಕ್ಕೆ ಬೆಲೆ’ ಎಂಬ ನನ್ನ ಸಾಲನ್ನು ಇದ್ದಿಲಿನಿಂದ ಗುಡಿಸಲ ಗೋಡೆಯ ಮೇಲೆ ಬರೆದಿದ್ದಾನೆ.

ಕೊನೆಗೆ ಚೆನ್ನವೀರ ಏನಾಗುತ್ತಾನೆ ಎಂದು ಕೇಳಿದ. ಯಾರಿಗೂ ಹೇಳದಿದ್ದುದನ್ನು ಅವನಿಗೆ ಹೇಳಿದೆ. ವಿಜಯದಶಮಿಯ ದಿನ, ಒಬ್ಬನೇ, ಕೈಯಲ್ಲಿ ಪಂಜು ಹಿಡಿದು ನಗರದ ಕಚೇರಿಗೆ ನುಗ್ಗುತ್ತಾನೆ. ಕಚೇರಿ ಹೊತ್ತಿ ಉರಿಯುತ್ತದೆ. ಮೆಟ್ಟಿಲ ಮೇಲೆ ಗುಂಡು ತಾಗಿ ನಗುತ್ತ ಬೀಳುತ್ತಾನೆ. ರಘುಪತಿ ಹತ್ತಿರ ಸರಿದು ಕೂತ. ಆಮೇಲೆ, ನಗುತ್ತ ಬೀಳುವ ಜಾಗವನ್ನು ಇನ್ನೊಮ್ಮೆ ಹೇಳಿ ಎಂದ.

16 ಸೆಪ್ಟೆಂಬರ್

ತಮಾಷೆ ಎಂದರೆ ಇದು. ಕಂಡಕ್ಟರು ಅಂಗಡಿಗೆ ಬಂದು ಬಾಳೆಎಲೆಯ ಪೊಟ್ಟಣ ಕೊಟ್ಟುಹೋದ. ಮೆಣಸೆಯ ಯಮುನಮ್ಮ ಕೊಟ್ಟದ್ದಂತೆ, ‘ಚೆನ್ನವೀರನಿಗೆ’ ಅಂತ ಹೇಳಲು ಹೇಳಿದರಂತೆ. ಬಿಚ್ಚಿದರೆ ಹಲಸಿನ ಹಪ್ಪಳ, ಒಂದಿಷ್ಟು ಅವಲಕ್ಕಿ, ಬೆಲ್ಲ. ಕಾಗದದ ಮೇಲಿನ ಮನುಷ್ಯನಿಗೆ ಹಪ್ಪಳ ಕಳಿಸುವಷ್ಟು ನಂಬಿದ್ದಾರೆಂದರೆ ನನ್ನ ಲೇಖನಿಯ ಶಕ್ತಿ ಎಷ್ಟಿರಬೇಕು. ಹಪ್ಪಳ ಸುಡಿಸಿಕೊಂಡು ತಿಂದೆ. ಮಾವನಿಗೂ ಎರಡು ಕೊಟ್ಟೆ. ಕಥೆ ಬರೆದು ಹೊಟ್ಟೆ ತುಂಬುವುದು ಇದೇ ಮೊದಲು ನೋಡುತ್ತಿರುವುದು ಎಂದರು.

20 ಸೆಪ್ಟೆಂಬರ್, ಭಾನುವಾರ

ಇವತ್ತು ರಘುಪತಿ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ.

“ಸೋಮಣ್ಣ, ಈ ವಿಜಯದಶಮಿಗೆ ನಾ ಕೊಪ್ಪದ ಕಚೇರಿಗೆ ಬತ್ತೆ. ಚೆನ್ನವೀರ ಮಾಡಿದ್ದನ್ನೇ ಮಾಡ್ತೆ. ನೀವು ಸೀಮೆಎಣ್ಣೆ ಒಂದು ಕೊಟ್ರೆ ಸಾಕು.”

ಕನ್ನಡದಲ್ಲಿ ಎಷ್ಟೋ ಮಂದಿ ಬರೆದಿದ್ದಾರೆ. ಯಾರು ಬರೆದದ್ದು ಹೀಗೆ ಹಾಳೆಯಿಂದ ಎದ್ದು ನಡೆದಿದೆ? ಅವನನ್ನು ತಬ್ಬಿಕೊಂಡೆ. ಎಲುಬು ಕೈಗೆ ಸಿಕ್ಕಿತು, ತುಂಬ ಇಳಿದುಹೋಗಿದ್ದಾನೆ, ಅದೂ ವೀರನ ಲಕ್ಷಣವೇ. ಗುಡ್ಡ ಇಳಿಯುತ್ತ ಕೊನೆಯ ಅಧ್ಯಾಯದ ವಾಕ್ಯಗಳು ತಾವಾಗಿ ಬಂದವು. ಎರಡು ಕಡೆ ಜಾರಿ ಬಿದ್ದೆ, ಲೆಕ್ಕಕ್ಕೇ ಬರಲಿಲ್ಲ.

ಸೀಮೆಎಣ್ಣೆಗೆ ಈಗ ಬರಗಾಲ. ಮನೆಯ ದೀಪದ್ದನ್ನೇ ದಿನಾ ಸ್ವಲ್ಪ ಸ್ವಲ್ಪ ತೆಗೆದಿಡಬೇಕು.

27 ಸೆಪ್ಟೆಂಬರ್, ಭಾನುವಾರ

ಸೀಮೆಎಣ್ಣೆಯ ಬಾಟಲಿ ಮುಟ್ಟಿಸಿದೆ. ರಘುಪತಿಗೆ ಜ್ವರ. ಹೊಸ ಅಧ್ಯಾಯ ಓದಲು ಹೊರಟರೆ ತಿನ್ನಲು ಏನಾದರೂ ತಂದಿರಾ ಎಂದು ಕೇಳಿದ. ತಂದಿರಲಿಲ್ಲ. ಅಡ್ಡಿಲ್ಲ, ಓದಿ ಎಂದ. ಚೆನ್ನವೀರನ ಖಡ್ಗಪೂಜೆಯ ಭಾಗ, ಅಷ್ಟು ಚೆನ್ನಾಗಿ ಬಂದಿದೆ, ಅದರ ನಡುವೆಯೇ ನಿದ್ದೆಹೋದ. ಬೇಜಾರಾಯಿತು. ಮುಗಿಸಿಯೇ ಹೊರಟೆ, ಗೋಡೆಗೆ ಓದಿದ ಹಾಗಾಯಿತು.

ಮಂಜಪ್ಪ ಕೆಳಗೆ ಸಿಕ್ಕಿದ. ಅವನ ಹೆಂಡತಿ ಸರೋಜ ಕಳಿಸುವ ಗಂಜಿ ಹುಡುಗನಿಗೆ ಸಾಲುತ್ತಿಲ್ಲ, ಪೊಲೀಸರು ದಾರಿಯಲ್ಲಿರುವಾಗ ಎರಡೆರಡು ದಿನ ಮೇಲೆ ಹೋಗಲೂ ಆಗುವುದಿಲ್ಲ ಎಂದ. ಹೌದೇ ಎಂದೆ.

2 ಅಕ್ಟೋಬರ್

ಪತ್ರಿಕೆ ಮತ್ತೊಂದು ಸುತ್ತಿಗೆ ಹೊರಟು ಮೆಣಸೆ ದಾಟಿದೆ. ಯಮುನಮ್ಮನ ಹೊಸ ಅಭಿಪ್ರಾಯವನ್ನು ಕಂಡಕ್ಟರು ದಾರಿಯಲ್ಲೇ ಓದಿ ಬಂದು ನನಗೆ ಹೇಳಿದ: ಈ ಕಥೆಯಲ್ಲಿ ಕುದುರೆಗೂ ಹೆಸರಿದೆ, ಚೆನ್ನವೀರನ ತಾಯಿ ಎಲ್ಲಿ?

ಇನ್ನು ಸಹಿಸುವುದಾಗಲಿಲ್ಲ. ಮಾವನಿಗೆ ಬಾಕಿ ವಸೂಲಿಗೆ ಎಂದು ಹೇಳಿ ಮೆಣಸೆಗೆ ಹೋಗುವ ಶೃಂಗೇರಿ ಬಸ್ಸು ಹತ್ತಿದೆ. ಇದ್ದಿಲು ಹಾಕಿ ಓಡಿಸುವ ಬಸ್ಸು, ಏರು ಬಂದಲ್ಲೆಲ್ಲ ಇಳಿದು ನೂಕಬೇಕು. ನೂಕುತ್ತ ನೂಕುತ್ತ ಕಾದಂಬರಿ ಕಲೆಯ ಬಗ್ಗೆ ಅವರಿಗೆ ಹೇಳಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡೆ.

ಯಮುನಮ್ಮ ಜಗಲಿಯಲ್ಲಿ ಬಾಳೆಕಾಯಿ ಹೆಚ್ಚುತ್ತಿದ್ದರು. ಸಣ್ಣ ಆಳು, ಮಗನದೇ ಮೂಗು. ಹೆಸರು ಹೇಳಿದ ಕೂಡಲೇ ಚಾಪೆ ಹಾಕಿ ಮಜ್ಜಿಗೆ ಕೊಟ್ಟರು. ನಾನು ಭಾಷಣ ಶುರು ಮಾಡಿದೆ. ವೀರರು ಊಟ ಮಾಡುತ್ತಾರೆ ನಿಜ, ಆದರೆ ಕಲೆಯಲ್ಲಿ ಅದನ್ನು ಹೇಳುವುದಿಲ್ಲ, ಓದುಗರು ಊಹಿಸಿಕೊಳ್ಳಬೇಕು ಎಂದೆ. ಅವರು ತಲೆಯಾಡಿಸುತ್ತ ಕೇಳಿದರು. ಕೇಳಿ ಮುಗಿದ ಮೇಲೆ ಮೆಟ್ಟುಗತ್ತಿಯಿಂದ ಕೈ ತೆಗೆದು ರಸ್ತೆಯ ಕಡೆ ಒಮ್ಮೆ ನೋಡಿದರು.

“ನಾ ಕತೆ ಕೇಳಿದ್ದಲ್ಲ ಮಾಣಿ. ಆ ಪುಸ್ತಕ ಕೊಪ್ಪದ ಪೊಲೀಸು ದಫೇದಾರರ ಮನೆಗೂ ಹೋಗ್ತದೆ. ಅದ್ರಲ್ಲಿ ಮಗನ ಹೆಸರು ಬರೀಲಿಕ್ಕೆ ಆಗ್ತದಾ? ಅದಕ್ಕೆ ಚೆನ್ನವೀರ ಅಂತ ಬರ್ದೆ. ಅವನು ಹಪ್ಪಳ ತಿಂದನಾ?”

ತಿಂದ ಎಂದೆ.

“ಎಂತ ಹೇಳಿದ?”

ಚೆನ್ನಾಗಿತ್ತು ಅಂದ ಎಂದೆ. ಅವರ ಮುಖ ಅರಳಿದ್ದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಒಳಗೆ ಹೋಗಿ ಇನ್ನೊಂದು ಪೊಟ್ಟಣ ಕಟ್ಟಿ ತಂದರು. ಹಬ್ಬಕ್ಕೆ ಮನೆಗೆ ಬರುವುದಂತೂ ಆಗುವುದಿಲ್ಲ, ಇದಾದರೂ ತಿನ್ನಲಿ ಎಂದರು. ಹಬ್ಬದ ದಿನ ಅವನು ಏನು ಮಾಡಲಿದ್ದಾನೆ ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿರುವವನು ಭೂಮಿಯ ಮೇಲೆ ನಾನೊಬ್ಬನೇ. ಎಣ್ಣೆ ಕೊಟ್ಟವನೂ ನಾನೇ.

3 ಅಕ್ಟೋಬರ್

ಹಪ್ಪಳ ತಿಂದದ್ದು ನಾನು. ಅಂಗಡಿಯಲ್ಲಿ ಇಡೀ ದಿನ ಅದೇ.

4 ಅಕ್ಟೋಬರ್, ಭಾನುವಾರ

ಬೆಳಿಗ್ಗೆ ಬೆಳಿಗ್ಗೆಯೇ ಪೊಟ್ಟಣ ಹಿಡಿದು ಗುಡ್ಡಕ್ಕೆ ಓಡಿದೆ. ಅವಲಕ್ಕಿಯನ್ನು ಅವನು ತಿನ್ನುವ ರೀತಿ ನೋಡಲಾಗಲಿಲ್ಲ. ತಿಂದಾದ ಮೇಲೆ, ವಿಜಯದಶಮಿಯ ವಿಚಾರ ಬೇಡ ಎಂದು ಹೇಳಿದೆ. ಅಮ್ಮನನ್ನು ನೋಡಿಕೊಂಡು ಬಂದೆ ಎಂದೂ ಹೇಳಿದೆ. ಅವನು ನಕ್ಕ. ಚೆನ್ನವೀರನಿಗೆ ಯಾರಾದರೂ ಬೇಡ ಎಂದರೆ ಅವನು ಕೇಳುತ್ತಿದ್ದನೇ ಎಂದ. ಅವನ ಬಾಯಲ್ಲಿ ಬರುವುದೆಲ್ಲ ನನ್ನದೇ ಮಾತು.

ಸರಿ, ಹಾಗಾದರೆ ಚೆನ್ನವೀರನೇ ಹೇಳಲಿ. ರಾತ್ರಿಯೊಳಗೆ ಕೊನೆಯ ಅಧ್ಯಾಯವನ್ನು ತಿರುಗಿಸಿ ಬರೆದುಬಿಡುತ್ತೇನೆ.

7 ಅಕ್ಟೋಬರ್

ಬರೆದೆ. ಪಂಜು ಹಿಡಿದು ಕಚೇರಿಯ ಬಾಗಿಲಿಗೆ ಬಂದ ಚೆನ್ನವೀರನಿಗೆ ತಾಯಿಯ ನೆನಪಾಗುತ್ತದೆ, ಕಣ್ಣೀರು ಬರುತ್ತದೆ, ಪಂಜನ್ನು ಕೆರೆಗೆ ಎಸೆದು ಹಿಂದಿರುಗುತ್ತಾನೆ. ಅಂಗಡಿ ಬಿಟ್ಟು ನಡುಮಧ್ಯಾಹ್ನವೇ ಹೋಗಿ ಓದಿದೆ. ಈ ಸಲ ಅವನು ನಿದ್ದೆಹೋಗಲಿಲ್ಲ.

“ಇದು ಚೆನ್ನವೀರ ಅಲ್ಲ ಸೋಮಣ್ಣ, ಇದು ನೀವು,” ಎಂದ. “ನಿಮಗೆ ಹೆದರಿಕೆ ಆಗಿದೆ.”

ಹೌದು ಮಾರಾಯ, ಆಗಿದೆ ಎಂದೆ. ಹೀಗೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

“ನೀವು ಹೆದ್ರಿದ್ರೆ ಅಡ್ಡಿಲ್ಲ. ಅವನು ಹೆದರೂದು ಬೇಡ. ಹಳೇದನ್ನೇ ಇಡಿ.”

ಸೀಮೆಎಣ್ಣೆ ಎಲ್ಲಿ ಎಂದು ಗುಡಿಸಲೆಲ್ಲ ಹುಡುಕಿದೆ. ಸಿಗಲಿಲ್ಲ, ಎಲ್ಲೋ ಹೂತಿಟ್ಟಿದ್ದಾನೆ. ಬೈದೆ, ಕೈ ಮುಗಿದೆ. ಜ್ವರ ಇದ್ದವನಿಗೆ ಹೊಡೆಯಲು ಕೈ ಎತ್ತಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಒಂದೂವರೆ ತಿಂಗಳಿಂದ ಚೆಲ್ಲಾಟ ಆಡಿದವನು ನಾನು.

ದಫೇದಾರರಿಗೆ ಸುಳಿವು ಕೊಟ್ಟು ಹಿಡಿಸಿಬಿಟ್ಟರೆ ಜೀವವಾದರೂ ಉಳಿಯುತ್ತದೆ ಎಂದು ಬರುವ ದಾರಿಯಲ್ಲಿ ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು. ಆದರೂ ಬಂತು.

10 ಅಕ್ಟೋಬರ್

ಶೆಟ್ಟಿಕೊಪ್ಪದಿಂದ ಈಗ ಬಂದೆ.

ಯಮುನಮ್ಮನ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅವರು ಬರೆದದ್ದು ಕಥೆಯ ಬಗ್ಗೆ ಅಲ್ಲವಾದರೆ ಉಳಿದವರು ಬರೆದದ್ದು? ನೀಲಾಂಬಿಕೆಯ ಅಡುಗೆ ಮಾತು ನೆನಪಾದದ್ದೇ ಗಜಕಡ್ಡಿ ಕೆಳಗಿಟ್ಟು ಬಸ್ಸಿಗೆ ಓಡಿದೆ. ಗಿರಾಕಿಯ ಸೀರೆ ಅರ್ಧ ಅಳತೆಯಲ್ಲೇ ಉಳಿಯಿತು, ಮಾವ ಹಿಂದಿನಿಂದ ಕೂಗುತ್ತಲೇ ಇದ್ದರು.

ಪತ್ರಿಕೆ ಶೆಟ್ಟಿಕೊಪ್ಪದಲ್ಲೇ ಇತ್ತು. ನೀಲಾಂಬಿಕೆ ನನ್ನ ವಯಸ್ಸಿನ ಸೊಸೆ. ಮುಂದಿನ ಸರದಿ ನರಸಿಂಹರಾಜಪುರದವರದು, ಕೊಡುವುದಿಲ್ಲ ಎಂದು ಬಾಗಿಲಲ್ಲೇ ತಡೆದಳು. ಬರೆದವನು ನಾನೇ ಎಂದರೂ ನಂಬಲಿಲ್ಲ. ಕೊನೆಗೆ, ಬೇಯಿಸಿಕೊಳ್ಳಲಿ ಎಂದು ಬರೆದಿರಲ್ಲ, ಚೆನ್ನವೀರ ಲಿಂಗಾಯತ ಎಂದು ಓದಲಿಲ್ಲವೇ ಎಂದು ಕೇಳಿದೆ. ಅವಳು ದನಿ ತಗ್ಗಿಸಿದಳು. “ಓದಿದೀನಿ. ನಿಮ್ಮ ಚೆನ್ನವೀರ ಲಿಂಗಾಯತ್ರೋನು. ಗುಡ್ಡದಲ್ಲಿರೋರು ಬ್ರಾಹ್ಮಣ್ರು.”

ಎಂದು ಪುಸ್ತಕ ತಂದು ನನ್ನ ಕೈಗಿಟ್ಟಳು. ಅಂದರೆ ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಕೂತು ಅಭಿಪ್ರಾಯದ ಹಾಳೆಗಳನ್ನು ಮೊದಲಿಂದ ಓದಿದೆ. ಇಷ್ಟು ದಿನ ನನ್ನ ಹೊಗಳಿಕೆ ಎಲ್ಲಿದೆ ಎಂದಷ್ಟೇ ಹುಡುಕುತ್ತಿದ್ದೆ, ಓದಿರಲಿಲ್ಲ. ಚೆನ್ನವೀರ ಹೊದೆಯುವ ಕಂಬಳಿ ಹಳೆಯದು, ಬೇರೆ ನೇಯಿಸಿದ್ದೇವೆ ಎಂದು ಭಂಡಿಗಡಿಯ ಸರೋಜ. ಕ್ವಿನೈನ್ ಎಲ್ಲಿಗೆ ಕಳಿಸಬೇಕು ತಿಳಿಸಿರಿ, ಈ ಬಾರಿಯಾದರೂ ಉತ್ತರ ಬರಲಿ ಎಂದು ದಾಕ್ಷಾಯಣಮ್ಮ. ನರಸಿಂಹರಾಜಪುರದ ಪರಮಶಿವಯ್ಯ ಎಂಬ ಮುದುಕರು, ಚೆನ್ನವೀರನಿಗೆ ಲೆಕ್ಕ ಬರುತ್ತದೆ ಎಂದು ಕೇಳಿದ್ದೇನೆ, ನನ್ನ ಮೊಮ್ಮಗಳಿಗೆ ಹೇಳಿಕೊಟ್ಟುಕೊಂಡು ನಮ್ಮಲ್ಲಿರಬಹುದು ಎಂದಿದ್ದಾರೆ. ಚೆನ್ನವೀರನಿಗೆ ನಾನು ಲೆಕ್ಕ ಕಲಿಸಿಯೇ ಇಲ್ಲ!

ಎಲ್ಲಕ್ಕಿಂತ ಮೇಲೆ, ಖಡ್ಗಪೂಜೆಯಲ್ಲಿ ಚೆನ್ನವೀರ ವಿಜಯದಶಮಿಗೆ ಕಚೇರಿಗೆ ನುಗ್ಗುವ ಶಪಥ ಮಾಡಿದ್ದನ್ನು ಓದಿ ಕೊಪ್ಪದ ಶಂಕರಮ್ಮ, ದಫೇದಾರರ ಹೆಂಡತಿ: ‘ಚೆನ್ನವೀರನು ವಿಜಯದಶಮಿಯಂದು ಕಚೇರಿಯ ಹತ್ತಿರ ಸುಳಿಯದಿರುವುದು ಒಳ್ಳೆಯದು. ಆ ದಿನ ಹೊರಗಿನಿಂದ ಬಂದೂಕಿನವರು ಬರುತ್ತಾರೆ. ಇದು ನನ್ನ ಸ್ವಂತ ಊಹೆ.’

ಏರಿನಲ್ಲಿ ಎಲ್ಲರೂ ಇಳಿದು ಬಸ್ಸು ನೂಕಿದರು. ನಾನು ಇಳಿಯಲೇ ಇಲ್ಲ, ಬೈಸಿಕೊಂಡೆ.

11 ಅಕ್ಟೋಬರ್, ಭಾನುವಾರ

ರಘುಪತಿಯ ಕೈಗೆ ‘ಮಲೆಯ ದನಿ’ಯ ಪುಸ್ತಕ ಕೊಟ್ಟೆ. ಕಾದಂಬರಿ ಬೇಡ, ಹಿಂದಿನ ಹಾಳೆ ಓದು ಎಂದೆ.

ನಿಧಾನವಾಗಿ ಓದಿದ. ನಾನು ಬಾಯಿಬಿಡಲಿಲ್ಲ, ಅದು ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಸರೋಜನ ಸಾಲು ಬಂದಾಗ ಹೊದ್ದ ಕಂಬಳಿಯನ್ನು ಮುಟ್ಟಿ ನೋಡಿಕೊಂಡ. ಮಂಜಪ್ಪ ತನ್ನದೇ ಎಂದು ಹೇಳಿ ಕೊಟ್ಟಿದ್ದನಂತೆ. ಪರಮಶಿವಯ್ಯನವರ ಸಾಲಿಗೆ ನಗು ಬಂತು. ತಾಯಿಯ ಅಕ್ಷರ ಬಂದ ಕಡೆ ಹಾಳೆ ತಿರುಗಿಸುವುದನ್ನು ಬಿಟ್ಟ.

“ಇವರಿಗೆಲ್ಲ ನಾನು ಗೊತ್ತಾ?” ಎಂದು ಕೇಳಿದ.

ಎಲ್ಲರಿಗೂ ಗೊತ್ತಿತ್ತು, ತಿಳಿಯದೆ ಇದ್ದವನು ನಾನೊಬ್ಬ ಎಂದೆ. ಹಪ್ಪಳದ ಸಂಗತಿಯನ್ನೂ ಹೇಳಿಬಿಟ್ಟೆ. ಅವನು ನನ್ನನ್ನು ನೋಡಿದ ನೋಟಕ್ಕಿಂತ ಒಂದು ಏಟು ಹಾಕಿದ್ದರೆ ಚೆನ್ನಾಗಿತ್ತು. ನೀವು ಹೋಗಿ, ಪುಸ್ತಕ ಇಲ್ಲೇ ಇರಲಿ ಎಂದ. ಬಾಟಲಿ ಕೇಳಿದೆ. ಕೊಡಲಿಲ್ಲ. ವಿಜಯದಶಮಿಗೆ ಬರುತ್ತೀಯೋ ಎಂದು ಕೇಳಿದೆ. ಬತ್ತೆ ಎಂದ, ಅಷ್ಟೇ.

15 ಅಕ್ಟೋಬರ್

ಗುಡಿಸಲು ಖಾಲಿ. ಕಂಬಳಿ ಇಲ್ಲ, ಪುಸ್ತಕ ಇಲ್ಲ. ಗೋಡೆಯ ಮೇಲಿನ ನನ್ನ ಸಾಲನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದಾರೆ. ಮಂಜಪ್ಪನಿಗೂ ಗೊತ್ತಿಲ್ಲ. ಊಟ ಸೇರುತ್ತಿಲ್ಲ. ಮಾವನಿಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದುಕೊಂಡು ಹೋಗಿ, ತಾವೇ ಬಸ್ಸಿನವನಲ್ಲಿ ವಿಚಾರಿಸಿ ಬಂದರು. ಸುಳಿವಿಲ್ಲ.

ವಿಜಯದಶಮಿ

ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಾಗದ ಕೇಳಿದ್ದಕ್ಕೆ ಗುಮಾಸ್ತರು ಕೊಟ್ಟರು.

ಹಬ್ಬವಾದರೂ ಬಂದೋಬಸ್ತಿಗೆಂದು ಕಚೇರಿ ತೆರೆಯುವುದಿತ್ತು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ನಿಂತೆ. ಶಂಕರಮ್ಮ ಹೇಳಿದ ಬಂದೂಕಿನವರು ಆಚೆ ಈಚೆ ಇದ್ದರು. ರಘುಪತಿ ಯಾವ ಕಡೆಯಿಂದ ಬಂದರೂ ಮೊದಲು ನನಗೆ ಸಿಗಬೇಕು. ಸಿಕ್ಕರೆ ತಬ್ಬಿ ನೆಲಕ್ಕೆ ಕೆಡವಬೇಕು. ಅಷ್ಟೇ ನನ್ನ ಯೋಜನೆ. ಏನು ನಿಂತಿದ್ದೀರಿ ಎಂದು ಒಬ್ಬ ಕೇಳಿದ. ಹಬ್ಬದ ಅಂಗಡಿ ಬಾಕಿ, ಅಮಲ್ದಾರರಿಂದ ಬರಬೇಕು ಎಂದೆ. ಮಾವ ಎದುರಿನ ಕಟ್ಟೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

ಬಿಸಿಲು ಏರಿದ ಮೇಲೆ ಬಂದ. ಗುಡ್ಡದ ಕಡೆಯಿಂದಲ್ಲ, ಶೃಂಗೇರಿಯ ದಾರಿಯಿಂದ, ಎಲ್ಲರೂ ನೋಡುವ ಹಾಗೆ, ರಸ್ತೆಯ ನಡುವೆ. ಜಡೆಗಟ್ಟಿದ ಕೂದಲು ಕತ್ತರಿಸಿತ್ತು, ಮೈಮೇಲೆ ಒಗೆದ ಜುಬ್ಬ. ಪಕ್ಕದಲ್ಲಿ ಯಮುನಮ್ಮ. ನಾನು ಓಡಿಹೋಗಿ ಅವನ ಎರಡೂ ಕೈ ಹಿಡಿದೆ. ಬರಿಗೈ. ಆದರೆ ಮೂಗಿಗೆ ಸೀಮೆಎಣ್ಣೆಯ ವಾಸನೆ ಬಡಿಯಿತು.

“ಸುಟ್ಟೆ ಸೋಮಣ್ಣ,” ಎಂದ ಮೆಲ್ಲಗೆ. “ಪುಸ್ತಕ. ಪೂರಾ. ಬರೂವಾಗ ದಾರಿಯಲ್ಲೇ ಸುಟ್ಟು ಬಂದೆ. ಅದ್ರಲ್ಲಿ ಅಷ್ಟು ಜನರ ಹೆಸರಿತ್ತು, ಇವರ ಕೈಗೆ ಸಿಕ್ಕಿದ್ರೆ ಎಲ್ಲ ಮನೆಗೂ ಬಂದೂಕು ಹೋಗ್ತಿತ್ತು. ನಿಮ್ಮ ಕತೆನೂ ಹೋಯ್ತು.”

ಮೊದಲು ಕೈ ತೊಳೆದುಕೋ ಎಂದೆ, ವಾಸನೆಗೆ ಇವರಿಗೆ ಅನುಮಾನ ಬಂದೀತು. ಕಚೇರಿಯ ಬಾವಿಯಲ್ಲೇ ನೀರು ಸೇದಿ ಕೈಗೆ ಹೊಯ್ದೆ. ಸೀಗೆಪುಡಿ ಇದ್ದಿದ್ದರೆ ಚೆನ್ನಾಗಿತ್ತು. ಮಣ್ಣು ಹಾಕಿ ತಿಕ್ಕಿಸಿದೆ. ತಿಕ್ಕುತ್ತಲೇ ಹೇಳಿದ: ಮನೆಯಲ್ಲಿ ನಾಲ್ಕು ದಿನ ಉಂಡು ಮಲಗಿದ್ದನಂತೆ, ಜ್ವರ ಬಿಟ್ಟಿದೆಯಂತೆ. ಅವರೆಲ್ಲರ ಅಟ್ಟದಲ್ಲಿ ಕೂತು ಅವರನ್ನು ಸಿಕ್ಕಿಸಲಿಕ್ಕೂ ಮನಸ್ಸಿಲ್ಲ, ಅವರೆಲ್ಲ ಅಳುವ ಹಾಗೆ ಸಾಯಲಿಕ್ಕೂ ಮನಸ್ಸಿಲ್ಲ. ಮಾಡಿದ್ದನ್ನು ಮಾಡಿದೆ ಎಂದು ಹೇಳಿ ಜೈಲಿಗೆ ಹೋಗಿ ಬತ್ತೆ ಎಂದ. ಇಂಥ ಮಾತನ್ನು ನನ್ನ ಚೆನ್ನವೀರ ಏಳು ಅಧ್ಯಾಯದಲ್ಲಿ ಒಮ್ಮೆಯೂ ಆಡಿರಲಿಲ್ಲ.

ಒಳಗೆ ಹೋಗಿ ತಾಲ್ಲೂಕು ಅಮಲ್ದಾರರ ಮುಂದೆ ನಿಂತು, ಹರಿಹರಪುರದ ದಾರಿಯ ತಂತಿ ಕಡಿದವನು ನಾನು, ಈಗಿರುವ ಸರ್ಕಾರ ತೊಲಗಲಿ ಎಂದು ಕಡಿದೆ ಎಂದ. ಜೊತೆಗೆ ಯಾರಿದ್ದರು ಎಂದು ಅವರು ಕೇಳಿದರು. ಯಾರೂ ಇಲ್ಲ ಎಂದ.

ಹಗ್ಗ ಹಿಡಿದವನು ನಾನು ಎಂದೆ. ಎಲ್ಲರೂ ತಿರುಗಿದರು. ಗುಮಾಸ್ತರು ನನ್ನ ಹೆಸರು, ಉದ್ಯೋಗ ಕೇಳಿದರು. ಜವಳಿ ಅಂಗಡಿಯಲ್ಲಿ ಕೆಲಸ ಎಂದೆ. ಬಾಗಿಲ ಹತ್ತಿರ ಜನರ ಹಿಂದಿನಿಂದ ಮಾವನ ದನಿ ಕೇಳಿಸಿತು: “ಅಂಗಡಿ ಬೀಗದ ಕೈ ಕೊಟ್ಟು ಹೋಗು ಮಾರಾಯ.” ಕೊಡುವಾಗ ನನ್ನ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

ಮರುದಿನ, ಲಾರಿಯಲ್ಲಿ

ಚಿಕ್ಕಮಗಳೂರಿಗೆ ಕರೆದೊಯ್ಯುತ್ತಿದ್ದಾರೆ. ಬಾಳೆಹೊನ್ನೂರಿನಲ್ಲಿ ಲಾರಿ ನಿಂತಾಗ ದಪ್ಪ ಕನ್ನಡಕದ ಹೆಂಗಸೊಬ್ಬರು ನೇರ ಬಂದು, ಇವರಲ್ಲಿ ಚೆನ್ನವೀರ ಯಾರು ಎಂದು ಪೊಲೀಸಿನವನನ್ನೇ ಕೇಳಿದರು. ದಾಕ್ಷಾಯಣಮ್ಮನವರೇ ಇರಬೇಕು. ಅವನು ಅಂಥವರು ಯಾರೂ ಇಲ್ಲ ಎಂದ. ಅವರು ಗುಳಿಗೆಯ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿ, ದಿನಕ್ಕೆ ಎರಡು, ಬರಿಹೊಟ್ಟೆಯಲ್ಲಿ ಬೇಡ ಎಂದು ಹೇಳಿ ಹೋದರು. ಮುಂದಿನ ಅಧ್ಯಾಯ ಯಾವಾಗ ಎಂದು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.

ಅಕ್ಷರ ಕೆಟ್ಟದಾಗಿದೆ. ಲಾರಿ ಕುಲುಕುತ್ತದೆ ಎಂದಲ್ಲ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ರಘುಪತಿ ನನ್ನ ಬಲಭುಜದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಾನೆ. ಆ ಕೈ ಜೋಮು ಹಿಡಿದು ಆಗಲೇ ಎಷ್ಟೋ ಹೊತ್ತಾಯಿತು. ಅಲ್ಲಾಡಿಸಿದರೆ ಎಚ್ಚರವಾಗುತ್ತದೆ.